ಸರ್ ಥಾಮಸ್ ಮನ್ರೋ ಸಾಹೇಬರ ಜೀವಿತವು

ಮಂಗಳೂರು, ಉಡುಪಿ, ಹೊನ್ನಾವರ, ಬಳ್ಳಾರಿ, ಧಾರವಾಡ, ಹುಬ್ಬಳ್ಳಿ, ಗದಗ ಮೊದಲಾದ ಊರುಗಳಲ್ಲಿಯೂ ಅವುಗಳ ಸುತ್ತಲಿನ ಹಳ್ಳಿಗಳಲ್ಲಿಯೂ ನಮ್ಮ ಸಭೆಗಳು ಇರುತ್ತವಷ್ಟೆ. ಈ ಸೀಮೆಗಳೆಲ್ಲವೂ ಇಪ್ಪತ್ತು ವರ್ಷಗಳೊಳಗೆ ಒಬ್ಬರೇ ಅಧಿಕಾರಿಯ ಕೈಯಿಂದ ಹಾದುಹೋದವೆಂಬದು ವಾಚಕರಲ್ಲಿ ಬಹು ಮಂದಿಗೆ ತಿಳಿಯದಿರಬಹುದು. ಅವರು ಸಿಪಾಯಿಗಳ ಸಂಗಡ ಕಾಲ್ನಡೆಯಿಂದ ದಂಡು ನಡೆದವರು. ಕಡೆಗೆ ಮೇಜರ್ ಜನರಲ್ ಎಂಬ ಸೇನಾಪತಿಯ ಪದವಿಗೂ ಮದ್ರಾಸು ಸಂಸ್ಥಾನದ ಗವರ್ನರರ ಆಸನಕ್ಕೂ ಏರಿದವರು. ಆದಾಗ್ಯೂ ಜನರು ಅವರನ್ನು ನೆನಸಿಕೊಂಡದ್ದು ಕತ್ತಿಯ ನಿಮಿತ್ತವಲ್ಲ, ಕಂದಾಯದ ಲೆಕ್ಕದ ನಿಮಿತ್ತವೇ. ಇದು ಅಪರೂಪವಾದ ಸಂಗತಿ. ಯಾಕಂದರೆ ಕಂದಾಯ ಎತ್ತುವವನನ್ನು ಪ್ರೀತಿಯಿಂದ ನೆನಸುವ ಜನರು ಯಾವ ದೇಶದಲ್ಲಿಯೂ ಕೊಂಚವೇ.

ಯೊರ್ದಾನಿನ ದಡದಲ್ಲಿ ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರೂ ಬಂದರು, ಸಿಪಾಯಿಗಳೂ ಬಂದರು ಎಂದು ನಾವು ಲೂಕನ ಸುವಾರ್ತೆಯಲ್ಲಿ ಓದುತ್ತೇವೆ. ನೀವು ನಿಮ್ಮ ಉದ್ಯೋಗವನ್ನು ಬಿಟ್ಟುಬಿಡಿರಿ ಎಂದು ಯೋಹಾನನು ಅವರಲ್ಲಿ ಯಾರಿಗೂ ಹೇಳಲಿಲ್ಲ. ಸುಂಕದವರು ನೇಮಿಸಿದ್ದಕ್ಕಿಂತ ಹೆಚ್ಚಾಗಿ ಎತ್ತಬಾರದೆಂತಲೂ ಸಿಪಾಯಿಗಳು ಬಡವರನ್ನು ಪೀಡಿಸಬಾರದೆಂತಲೂ ಬೋಧಿಸಿದನು. ಈ ಎರಡು ಉದ್ಯೋಗಗಳೂ ಒಬ್ಬನಲ್ಲೇ ಕೂಡಿದರೆ ಅವನು ಹೇಗೆ ನಡೆದುಕೊಳ್ಳಬೇಕು? ಸರ್ ಥಾಮಸ್ ಮನ್ರೋ ಸಾಹೇಬರ ಜೀವಿತವನ್ನು ಈ ಪ್ರಶ್ನೆಯನ್ನಿಟ್ಟುಕೊಂಡೇ ನಾವು ವಿವರಿಸುವೆವು.

ಮನ್ರೋರವರು 1761ನೇ ಇಸವಿಯ ಮೇ ತಿಂಗಳ 27ರಂದು ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಅಮೇರಿಕದ ವರ್ಜಿನಿಯ ಸೀಮೆಯೊಂದಿಗೆ ವ್ಯಾಪಾರ ನಡಿಸುವ ವರ್ತಕನು. ಬಾಲಕನು ಪಟ್ಟಣದ ವಿದ್ಯಾಲಯದಲ್ಲಿ ಗಣಿತವನ್ನೂ ರಸಾಯನ ಶಾಸ್ತ್ರವನ್ನೂ ಆಸಕ್ತಿಯಿಂದ ಕಲಿತನು. ಸ್ಪೇನ್ ದೇಶದ ಒಂದು ಕಥೆಯನ್ನು ಮೂಲದಲ್ಲಿಯೇ ಓದಬೇಕೆಂಬ ಆಶೆಯಿಂದ ಆ ಭಾಷೆಯನ್ನು ತಾನೇ ಕಲಿತುಕೊಂಡನಂತೆ. ಇಷ್ಟರೊಳಗೆ ಅಮೇರಿಕದವರು ಇಂಗ್ಲೆಂಡಿನ ಅರಸನಿಗೆ ವಿರೋಧವಾಗಿ ಎದ್ದು ಯುದ್ಧ ಹುಟ್ಟಿದ್ದರಿಂದ ತಂದೆಯ ವ್ಯಾಪಾರವು ಮುಳುಗಿಹೋಯಿತು. ಮಗನು ಉಪಾಯವಿಲ್ಲದೆ ಈಸ್ಟ್ ಇಂಡಿಯಾ ಕುಂಪಣಿಯವರ ಕಾಲಾಳು ದಂಡಿನಲ್ಲಿ ಕೆಡೆಟ್ ಎಂಬ ಕೆಳಗಿನ ಉದ್ಯೋಗವನ್ನು ಹೊಂದಿ 1780ನೇ ಇಸವಿಯ ಜನವರಿಯಲ್ಲಿ ಮದ್ರಾಸಿಗೆ ಬಂದು ಮುಟ್ಟಿದನು. ಆಗ ಅವನಿಗೆ ಹದಿನೆಂಟು ವರ್ಷ ಪ್ರಾಯ.

ಅದೇ ವರ್ಷದಲ್ಲಿ ಮೈಸೂರಿನ ಹೈದರಲ್ಲಿಯು ಕರ್ನಾಟಕ್ ಎಂದು ಕರೆಯಲ್ಪಡುವ ತಮಿಳು ಸೀಮೆಯ ಮೇಲೆ ಇಳಿದನು. ಹೀಗೆ ಯೌವನಸ್ಥರಾದ ಮನ್ರೋರವರು ಬಂದೊಡನೆ ಯುದ್ಧದೊಳಗೆ ಬಿದ್ದು ನಾಲ್ಕು ವರ್ಷ ದಂಡಿನೊಂದಿಗೆ ಅಲೆದರು. ಸಂಬಳ ಅಲ್ಪ, ಅದರಲ್ಲಿಯೂ ಬಡತನಕ್ಕೆ ಬಿದ್ದ ತಂದೆತಾಯಿಗಳಿಗೆ ಹಣ ಕಳುಹಿಸಬೇಕಾಗಿತ್ತು. ತಲೆಯ ಕೆಳಗೆ ದಿಂಬಿನ ಬದಲಾಗಿ ಒಂದು ಪುಸ್ತಕವನ್ನೋ ತೋಟೆಗಳ ಚೀಲವನ್ನೋ ಇಟ್ಟುಕೊಂಡು ಮಲಗಿದ ರಾತ್ರಿಗಳು ಅನೇಕವೆಂದು ಅವರು ಸ್ವದೇಶಕ್ಕೆ ಬರೆದದ್ದುಂಟು. ಆದರೆ ಆ ಬಡತನದ ದಿನಗಳಲ್ಲಿಯೇ ಅವರು ಹಿಂದುಸ್ಥಾನಿಯನ್ನೂ ಪಾರ್ಸಿಯನ್ನೂ ಕಲಿತರು. ಜೊತೆಯವರು ಬೇಸರ ಕಳೆಯುವ ಹೊತ್ತಿನಲ್ಲಿ ಇವರು ಭಾಷೆ ಕಲಿತದ್ದೇ ಮುಂದೆ ಇವರ ಬಾಳನ್ನು ತಿರುಗಿಸಿತು. ಮುಂದೆ ದೊಡ್ಡ ಕೆಲಸ ಸಿಕ್ಕುವದೋ ಇಲ್ಲವೋ ಎಂದು ಲೆಕ್ಕಿಸದೆ ಚಿಕ್ಕ ಕೆಲಸದಲ್ಲಿ ನಂಬಿಗಸ್ತರಾಗಿರುವದು ಎಷ್ಟು ಲಾಭಕರವೆಂಬದನ್ನು ನಮ್ಮ ಯೌವನಸ್ಥರು ಇಲ್ಲಿ ನೋಡಬಹುದು.

1792ರಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲ್ ಎಂಬ ಸೀಮೆಯನ್ನು, ಅಂದರೆ ಈಗಿನ ಸೇಲಂ, ಕೃಷ್ಣಗಿರಿ, ಧರ್ಮಪುರಿಗಳ ಸುತ್ತಲಿನ ದೇಶವನ್ನು, ಕುಂಪಣಿಯವರಿಗೆ ಒಪ್ಪಿಸಬೇಕಾಯಿತು. ಅದನ್ನು ಆಳಲಿಕ್ಕೆ ಸಿವಿಲ್ ಉದ್ಯೋಗಸ್ಥರು ಬೇಕಾಗಿದ್ದರು. ಆದರೆ ದೇಶಭಾಷೆಯನ್ನು ಬಲ್ಲವರು ಅವರಲ್ಲಿ ಕೊಂಚ. ಆದದರಿಂದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪ್ರಭುವು ಕ್ಯಾಪ್ಟನ್ ರೀಡ್ ಎಂಬ ದಂಡಿನ ಅಧಿಕಾರಿಗೆ ಆ ಕೆಲಸವನ್ನು ಕೊಟ್ಟನು. ರೀಡರ ಕೈಕೆಳಗೆ ನೇಮಿಸಲ್ಪಟ್ಟ ದಂಡಿನವರಲ್ಲಿ ಮನ್ರೋರವರು ಒಬ್ಬರು. ಹೀಗೆ ಸಿಪಾಯಿಯು ಕಂದಾಯದ ಅಧಿಕಾರಿಯಾದನು.

ಅಲ್ಲಿ ಅವರು ಏಳು ವರ್ಷ ಇದ್ದು ಒಂದು ಪಾಠವನ್ನು ಕಲಿತರು. ಆ ಕಾಲದಲ್ಲಿ ಸರಕಾರದವರು ಜಮೀನ್ದಾರನೊಡನೆಯೋ ಗುತ್ತಿಗೆದಾರನೊಡನೆಯೋ ಮಾತಾಡಿ ಇಷ್ಟು ಹಣ ಕೊಡು ಎಂದು ಗೊತ್ತುಮಾಡುವರು. ಅವನು ಉಳುವವನಿಂದ ಎಷ್ಟನ್ನು ಕಿತ್ತುಕೊಂಡನೆಂದು ಕೇಳುವವರಿಲ್ಲ. ಕಾರ್ನ್‌ವಾಲಿಸ್ ಪ್ರಭುವು 1793ರಲ್ಲಿ ಬಂಗಾಳದಲ್ಲಿ ಈ ಪದ್ಧತಿಯನ್ನೇ ಶಾಶ್ವತ ಮಾಡಿದನು. ರೀಡರೂ ಮನ್ರೋರವರೂ ಹೊಲದಿಂದ ಹೊಲಕ್ಕೆ ನಡೆದು ರಯತರ ಬಾಯಿಂದಲೇ ಕೇಳಿ, ಪ್ರತಿಯೊಬ್ಬ ರಯತನ ಹೆಸರಿನಲ್ಲಿಯೇ ಅವನ ಹೊಲವನ್ನೂ ತೀರ್ವೆಯನ್ನೂ ಬರೆಯತಕ್ಕದ್ದೆಂದು ನಿಶ್ಚಯಿಸಿದರು. ರಯತವಾರಿ ಎಂಬ ಪದ್ಧತಿಯು ಇದೇ. ಈ ದಿನ ನಮ್ಮ ಹಳ್ಳಿಯ ಬಡ ಒಕ್ಕಲಿಗನೊಬ್ಬನು ತನ್ನ ಹೆಸರಿರುವ ಪಹಣಿಯನ್ನು ಕೈಯಲ್ಲಿ ಹಿಡಿಯುವಾಗ, ಇಂಥ ಕಾಗದವು ಇಂಥ ಮೂಲದಿಂದ ಬೆಳೆದು ಬಂತೆಂದು ತಿಳಿದಿರುವದು ಒಳ್ಳೇದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಮೈಸೂರು ದೇಶದ ಏರ್ಪಾಡಿಗಾಗಿ ನೇಮಿಸಲ್ಪಟ್ಟ ಮಂಡಲಿಗೆ ಮನ್ರೋರವರೂ ಜಾನ್ ಮಾಲ್ಕಮ್‌ರವರೂ ಕಾರ್ಯದರ್ಶಿಗಳಾದರು. ಅದು ಮುಗಿದೊಡನೆ ಮನ್ರೋರವರು ಕನ್ನಡ ಜಿಲ್ಲೆಗೆ, ಅಂದರೆ ಕಾರವಾರದಿಂದ ಕಾಸರಗೋಡಿನ ವರೆಗಿನ ಕರಾವಳಿಗೆ, ಕಲೆಕ್ಟರರಾಗಿ ಕಳುಹಿಸಲ್ಪಟ್ಟರು. ಅವರಿಗೆ ಆ ಸೀಮೆಯು ಹಿಡಿಸಲಿಲ್ಲ. ಎಡೆಬಿಡದ ಮಳೆ, ದಾಟಲಾರದ ಹೊಳೆಗಳು, ಕಾಡು, ಕಣಿವೆ. ಇವುಗಳ ಮೇಲೆ ರಯತರು ಕೂಟ ಸೇರಿ, ಕಚೇರಿಗೆ ಬರುವದಿಲ್ಲ, ಲೆಕ್ಕ ತೋರಿಸುವದಿಲ್ಲ ಎಂದು ಹಟ ಹಿಡಿದರು. ದಂಡಿನವನಿಗೆ ಇಂಥಲ್ಲಿ ಬಂದೂಕೇ ನೆನಪಿಗೆ ಬರುವದು. ಮನ್ರೋರವರಾದರೋ ಹಳೇ ಕಡತಗಳನ್ನು ತರಿಸಿ ಓದಲು ಕೂತರು. ಓದಲಾಗಿ, ಈ ಸೀಮೆಯಲ್ಲಿ ಭೂಮಿಯು ಅರಸನ ಸೊತ್ತಲ್ಲ, ತಲೆತಲಾಂತರದಿಂದ ಮೂಲಿದಾರರ ಸ್ವಂತ ಸೊತ್ತೆಂದೂ, ಬಿದನೂರು ಅರಸರ ಕಾಲದ ರೇಖೆ ಎಂಬ ತೀರ್ವೆಯ ಮೇಲೆ ಶಾಮಿಲು ಎಂಬ ಹೊಸ ಭಾರವನ್ನು ಹೈದರನೂ ಟಿಪ್ಪುವೂ ಹೇರಿದ್ದರೆಂದೂ ಅವರಿಗೆ ಕಂಡುಬಂತು. ಹೀಗಿರಲಾಗಿ ರಯತರ ಹಟಕ್ಕೆ ಕಾರಣವಿದೆಯೆಂದು ಅರಿತು, ಅವರ ಒಡೆತನವನ್ನು ಒಪ್ಪಿಕೊಂಡು ಮೇಲಿನವರಿಗೆ ಬರೆದರು. ಎದುರುಬಿದ್ದವನ ಮಾತಿನಲ್ಲಿಯೂ ನ್ಯಾಯವಿರಬಹುದೆಂದು ಹುಡುಕಿ ನೋಡುವ ಅಧಿಕಾರಿಗಳು ಎಲ್ಲಾ ಕಾಲಗಳಲ್ಲಿಯೂ ವಿರಳ.

1800ರಲ್ಲಿ ನಿಜಾಮನು ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪೆ ಮೊದಲಾದ ಸೀಮೆಗಳನ್ನು ಕುಂಪಣಿಯವರಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದ ಈ ದೇಶಕ್ಕೆ ಮನ್ರೋರವರು ಮುಖ್ಯ ಕಲೆಕ್ಟರರಾದರು. ಆಗ ಅಲ್ಲಿ ಸುಮಾರು 80 ಮಂದಿ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಕೂತು ಊರುಗಳನ್ನು ಸುಲಿಯುತ್ತಾ, ಒಬ್ಬರೊಡನೊಬ್ಬರು ಹೊಡೆದಾಡುತ್ತಾ ಇದ್ದರು. ದಂಡಿನ ಬಲದಿಂದ ಅವರನ್ನು ಅಡಗಿಸಿದ್ದಾಯಿತು. ಇದರಲ್ಲಿ ಕಠಿಣತೆಯೂ ನಡೆಯಿತೆಂಬದನ್ನು ನಾವು ಮರೆಮಾಚುವದಿಲ್ಲ. ಅನಂತರ ಏಳು ವರ್ಷ ಮನ್ರೋರವರು ಗುಡಾರಗಳಲ್ಲಿಯೇ ವಾಸಿಸಿ ತಾಲೂಕಿನಿಂದ ತಾಲೂಕಿಗೆ ತಿರುಗುತ್ತಾ ಇದ್ದರು. ಕೈಕೆಳಗಿನ ನಾಲ್ವರು ಇಂಗ್ಲಿಷ್ ಸಹಾಯಕರೂ ಹಾಗೆಯೇ ತಿರುಗಬೇಕಾಗಿತ್ತು. ಬಂಗಲೆಯಲ್ಲಿ ಕೂತವನಿಗೆ ಶಾನಭೋಗನು ಹೇಳಿದ್ದೇ ಸತ್ಯ. ಹೊಲದ ಬದುವಿನಲ್ಲಿ ನಿಂತವನಿಗೆ ರಯತನ ಮಾತೂ ಕೇಳುತ್ತದೆ. ಅವರ ಕಿವಿ ಸ್ವಲ್ಪ ಮಂದವಾಗಿತ್ತು. ಆದರೂ ಅನೇಕ ಚುರುಕಾದ ಕಿವಿಗಳವರು ಕೇಳದ ಮೊರೆಯನ್ನು ಅವರು ಕೇಳಿದರು.

1802ರಿಂದ ಮುಂದೆ ಹೊಲಗಳನ್ನೆಲ್ಲಾ ಅಳತೆ ಮಾಡಿಸಿ, ಮಣ್ಣಿನ ಗುಣವನ್ನು ನೋಡಿಸಿ, ತೀರ್ವೆಯನ್ನು ಗೊತ್ತುಮಾಡಿದರು. ದೇಶದಲ್ಲಿ ಸಮಾಧಾನವುಂಟಾಗಿ ಬೀಳುಬಿದ್ದ ನೆಲಗಳು ಉಳಲ್ಪಟ್ಟವು. ಏಳು ವರ್ಷಗಳಲ್ಲಿ ಸರಕಾರದ ಉತ್ಪತ್ತಿಯು ಹೆಚ್ಚುಕಡಿಮೆ ಒಂದೂವರೆ ಪಾಲಾಯಿತು. ಇಂಥ ಲೆಕ್ಕವನ್ನು ಮೇಲಿನವರಿಗೆ ತೋರಿಸಿ ಬಿರುದು ಬೇಡುವದು ಸುಲಭವಾಗಿತ್ತು. ಆದರೆ 1807ರ ಆಗಸ್ಟ್ ತಿಂಗಳಲ್ಲಿ ಮನ್ರೋರವರು ಬರೆದ ವರದಿಯು ಬೇರೆ ತರದ್ದು. ಈಗ ಎತ್ತುತ್ತಿರುವ ತೀರ್ವೆಯು ಬೆಳೆಯಲ್ಲಿ ಸುಮಾರು ನೂರಕ್ಕೆ 45 ಪಾಲಾಗುತ್ತದೆ, ಇದು ಅತಿ ಭಾರ. ಇದನ್ನು ಮೂರರಲ್ಲಿ ಒಂದು ಪಾಲಿನ ಮಟ್ಟಕ್ಕೆ ಇಳಿಸಬೇಕು. ಆದಕಾರಣ ಎಲ್ಲಾ ಭೂಮಿಗಳಿಗೆ ನೂರಕ್ಕೆ 25 ಕಡಿಮೆಮಾಡಿ, ಬಾವಿ ಕೆರೆಗಳ ನೀರಿನ ಭೂಮಿಗಳಿಗೆ ಇನ್ನೂ ಎಂಟನ್ನು ಕಡಿಮೆಮಾಡತಕ್ಕದ್ದು. ರಯತನು ತನ್ನ ಶಕ್ತಿಗೆ ತಕ್ಕಂತೆ ವರ್ಷ ವರ್ಷಕ್ಕೆ ಭೂಮಿಯನ್ನು ಹೆಚ್ಚಿಸಲಿಕ್ಕೂ ಬಿಡಲಿಕ್ಕೂ ಸ್ವತಂತ್ರನಾಗಿರಬೇಕು ಎಂಬದೇ ಅದರ ಸಾರ. ತಾನೇ ಎತ್ತಿ ತೋರಿಸಿದ ಹಣವು ಹೆಚ್ಚಾಯಿತೆಂದು ತಾನೇ ಒಪ್ಪಿಕೊಂಡ ಸುಂಕದವರಲ್ಲಿ ಜಕ್ಕಾಯನ ಹೆಸರು ನಮಗೆ ಗೊತ್ತು. ಮನ್ರೋರವರು ತಮಗಾಗಿ ಏನನ್ನೂ ಕದ್ದಿರಲಿಲ್ಲ; ಆದರೆ ಸರಕಾರಕ್ಕಾಗಿ ಹೆಚ್ಚು ತಕ್ಕೊಳ್ಳುವದೂ ತಪ್ಪೇ ಎಂದು ಅವರು ಕಂಡರು.

ಸರಕಾರದವರು ಇದಕ್ಕೆ ಕಿವಿಗೊಡಲಿಲ್ಲ. ಮನ್ರೋರವರು ಅದೇ ವರ್ಷ ಸ್ವದೇಶಕ್ಕೆ ಹೋದರು. ಇತ್ತ ದತ್ತಮಂಡಲದಲ್ಲಿ ರಯತವಾರಿಯನ್ನು ನಿಲ್ಲಿಸಿ ಗ್ರಾಮಗಳನ್ನು ಗುತ್ತಿಗೆಗೆ ಕೊಟ್ಟರು. ತೀರ್ವೆ ಇಳಿಯಲಿಲ್ಲ, ಗುತ್ತಿಗೆ ಹಿಡಿದವರು ಬಾಕಿಯಲ್ಲಿ ಮುಳುಗಿದರು, ಅನೇಕ ಗೌಡರ ಮನೆಗಳು ಹಾಳಾದವು. ಅಧಿಕಾರಿಯು ಪ್ರಾಮಾಣಿಕವಾಗಿ ಹೇಳಿದ ಮಾತನ್ನು ತಳ್ಳಿಬಿಟ್ಟರೆ ಅದರ ಬೆಲೆಯನ್ನು ಬಡವನೇ ಕೊಡಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿಯೂ ಮನ್ರೋರವರು ಸುಮ್ಮನಿರಲಿಲ್ಲ. 1813ರಲ್ಲಿ ಪಾರ್ಲಿಮೆಂಟಿನ ಮುಂದೆ ಸಾಕ್ಷಿಗೆ ಕರೆಯಲ್ಪಟ್ಟಾಗ, ಹಿಂದೂ ದೇಶದ ಜನರ ಒಕ್ಕಲುತನ, ಕೈಗಾರಿಕೆ, ಊರೂರಿನ ಪಾಠಶಾಲೆಗಳು ಇವುಗಳನ್ನು ಹೊಗಳಿ, ಇವರು ಯೂರೋಪಿನವರಿಗೆ ಕೀಳಾದವರಲ್ಲವೆಂದು ಧೈರ್ಯವಾಗಿ ಹೇಳಿದರು. ಮರು ವರ್ಷ ಮದುವೆಯಾಗಿ, ನ್ಯಾಯಸ್ಥಾನಗಳ ಸುಧಾರಣೆಯ ಮಂಡಲಿಗೆ ಮುಖ್ಯಸ್ಥರಾಗಿ ಮದ್ರಾಸಿಗೆ ಬಂದರು. ಅದರ ಫಲವಾಗಿ 1816ರ ಕಾಯಿದೆಗಳು ಹುಟ್ಟಿ, ಗ್ರಾಮದ ಮುನಸೀಫರಿಗೂ ಜಿಲ್ಲಾ ಮುನಸೀಫರಿಗೂ ಪಂಚಾಯತಿಗಳಿಗೂ ವ್ಯಾಜ್ಯಗಳನ್ನು ತೀರಿಸುವ ಅಧಿಕಾರ ದೊರೆಯಿತು. ಬಡವನು ನ್ಯಾಯಕ್ಕಾಗಿ ದೂರದ ಪಟ್ಟಣಕ್ಕೆ ಅಲೆಯದೆ ತನ್ನ ಜನರ ಮುಂದೆ ತನ್ನ ಮಾತಿನಲ್ಲಿ ಹೇಳಿಕೊಳ್ಳುವಂತಾಗಬೇಕೆಂಬದೇ ಅವರ ಉದ್ದೇಶ.

1817ರಲ್ಲಿ ಪೇಶವೆಯವರು ಬಿಟ್ಟುಕೊಟ್ಟ ಧಾರವಾಡ ಸೀಮೆಯನ್ನು ವಹಿಸಿಕೊಳ್ಳುವದಕ್ಕೆ ಮನ್ರೋರವರು ಅಲ್ಲಿಗೆ ಹೋದರು. ಅಷ್ಟರಲ್ಲಿ ಯುದ್ಧ ಹುಟ್ಟಿತು. ಬ್ರಿಗೇಡಿಯರ್ ಜನರಲ್ ಎಂಬ ಪದವಿಯೇನೋ ಸಿಕ್ಕಿತು. ಆದರೆ ದಂಡು ಬಹು ಅಲ್ಪ. ಮನ್ರೋರವರು ದೇಶದ ಜನರಿಂದಲೇ ಕಾಲಾಳುಗಳನ್ನು ಕೂಡಿಸಿ, ಅವರ ಮೇಲೆ ಅಮಲ್ದಾರರನ್ನು ನೇಮಿಸಿ, ಊರೂರಿಗೆ ಕಳುಹಿಸಿದರು. ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿ, ಬಾಗಲಕೋಟೆ, ಬೆಳಗಾವಿ ಇವು ಒಂದರ ಹಿಂದೆ ಒಂದಾಗಿ ವಶವಾದವು. 1818ರ ಮೇ ತಿಂಗಳಲ್ಲಿ ಸೊಲ್ಲಾಪುರವೂ ಬಿತ್ತು. ಅನೇಕ ಗ್ರಾಮಗಳಲ್ಲಿ ಜನರು ತಾವಾಗಿಯೇ ಇವರ ಕಡೆಗೆ ಬಂದರು. ದತ್ತಮಂಡಲದಲ್ಲಿ ಇವರು ಹೇಗೆ ನಡೆದುಕೊಂಡರೆಂಬ ಸುದ್ದಿಯು ತುಂಗಭದ್ರೆಯನ್ನು ದಾಟಿ ಇವರಿಗಿಂತ ಮುಂಚೆಯೇ ಅಲ್ಲಿಗೆ ತಲಪಿತ್ತು. ಫಿರಂಗಿಗಿಂತ ಒಳ್ಳೇ ಹೆಸರು ಹೆಚ್ಚಿನ ಕೋಟೆಗಳನ್ನು ತೆರೆಯಿತೆಂದರೆ ಅತಿಶಯವಾಗದು.

1820ರ ಜೂನ್ ತಿಂಗಳಲ್ಲಿ ಅವರು ಮದ್ರಾಸಿನ ಗವರ್ನರರಾದರು. ಕೆಡೆಟನಾಗಿ ಇಳಿದ ರೇವಿನಲ್ಲಿಯೇ ನಾಲ್ವತ್ತು ವರ್ಷಗಳ ಮೇಲೆ ದೊರೆಯಾಗಿ ಇಳಿದರು. ಹದಿಮೂರು ವರ್ಷ ಕಡತದಲ್ಲಿ ಬಿದ್ದಿದ್ದ ಅವರ ಬೇಡಿಕೆಯು ಈಗ ಆಜ್ಞೆಯಾಯಿತು: ದತ್ತಮಂಡಲದಲ್ಲಿ ರಯತವಾರಿಯು ತಿರಿಗಿ ಸ್ಥಾಪಿಸಲ್ಪಟ್ಟು ತೀರ್ವೆಯು ಇಳಿಸಲ್ಪಟ್ಟಿತು. ಮನುಷ್ಯರು ಮೇಲಕ್ಕೆ ಏರಿದ ಮೇಲೆ ಕೆಳಗಿದ್ದಾಗ ಆಡಿದ ಮಾತನ್ನು ಮರೆಯುವದೇ ಲೋಕದ ರೂಢಿ. ಫರೋಹನ ಪಾನದಾಯಕನು ಸೆರೆಯಿಂದ ಬಿಡುಗಡೆಯಾದೊಡನೆ ಯೋಸೇಫನನ್ನು ಮರೆತನು. ಮನ್ರೋರವರು ಮರೆಯಲಿಲ್ಲ.

ಅದೇ ಕಾಲದಲ್ಲಿ ಅವರು ಮದ್ರಾಸು ಸಂಸ್ಥಾನದ ಪಾಠಶಾಲೆಗಳನ್ನು ಎಣಿಸಿದರು. 1822ರಲ್ಲಿ ಕಲೆಕ್ಟರರಿಗೆ ಬರೆದು ಲೆಕ್ಕ ತರಿಸಲಾಗಿ 12,498 ಶಾಲೆಗಳೂ 1,88,650 ಮಂದಿ ವಿದ್ಯಾರ್ಥಿಗಳೂ ಇದ್ದರೆಂದು ತಿಳಿದುಬಂತು. 1826ರಲ್ಲಿ ಪ್ರತಿ ಜಿಲ್ಲೆಗೆ ಎರಡು ದೊಡ್ಡ ಶಾಲೆಗಳನ್ನೂ ಪ್ರತಿ ತಹಶೀಲಿಗೆ ಒಂದು ಶಾಲೆಯನ್ನೂ ಸರಕಾರವೇ ನಡಿಸಬೇಕೆಂದು ನಿರ್ಣಯಿಸಿದರು. ಇದಲ್ಲದೆ 1824ರಲ್ಲಿ ಅವರು ಬರೆದಿಟ್ಟ ಒಂದು ಲೇಖದಲ್ಲಿ, ಒಂದು ಜನಾಂಗವನ್ನು ದೊಡ್ಡ ಉದ್ಯೋಗಗಳಿಂದ ದೂರವಿಟ್ಟರೆ ಅದರ ಗುಣವೇ ಕೆಡುತ್ತದೆಂತಲೂ, ಈ ದೇಶದವರು ತಮ್ಮನ್ನು ತಾವೇ ಆಳಿಕೊಳ್ಳುವಂತಾಗುವ ದಿನಕ್ಕಾಗಿ ಆಳುವವರು ಸಿದ್ಧಮಾಡಬೇಕೆಂತಲೂ ತಿಳಿಸಿದ್ದಾರೆ. ಆ ದಿನವು 1947ರಲ್ಲಿ ಬಂತು. ಅದನ್ನು ತಂದವರು ಈ ದೇಶದ ಜನರೇ. ಆದರೂ ನೂರಿಪ್ಪತ್ತಕ್ಕಿಂತ ಹೆಚ್ಚು ವರ್ಷಗಳ ಮುಂಚೆ ಗವರ್ನರರೊಬ್ಬರು ಅದನ್ನು ನ್ಯಾಯವೆಂದು ಬರೆದದ್ದು ಸ್ಮರಣೀಯವೇ.

ಇಲ್ಲಿ ನಮ್ಮ ಸಭೆಗಳಿಗೆ ವಿಶೇಷವಾಗಿ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳಬೇಕು. ಅದನ್ನು ಬಿಟ್ಟು ಬರೆದರೆ ಈ ಚರಿತ್ರೆಯು ಅರ್ಧವಾಗುವದು. ಬಳ್ಳಾರಿಯಲ್ಲಿ ಲಂಡನ್ ಮಿಶನಿನವರು 1810ರಿಂದಲೇ ಕೆಲಸ ನಡಿಸುತ್ತಿದ್ದರು. 1822ರಲ್ಲಿ ಆ ಜಿಲ್ಲೆಯ ಸಬ್ ಕಲೆಕ್ಟರರೊಬ್ಬರು ಕ್ರೈಸ್ತ ಪುಸ್ತಕಗಳನ್ನು ಜನರಿಗೆ ತಾವೇ ಹಂಚತೊಡಗಿದರು. ಮನ್ರೋರವರು ಇದನ್ನು ಬಲವಾಗಿ ಆಕ್ಷೇಪಿಸಿದರು. ಮಿಶನರಿಯು ಬೋಧಿಸಲಿ, ಆದರೆ ಕಂದಾಯ ಎತ್ತುವವನೂ ಶಿಕ್ಷೆ ಕೊಡುವವನೂ ಮತಬೋಧನೆಗೆ ಕೈ ಹಾಕಿದರೆ ಜನರು ಅದನ್ನು ಸರಕಾರದ ಆಜ್ಞೆಯೆಂದೇ ಎಣಿಸುವರು ಎಂಬದು ಅವರ ಅಭಿಪ್ರಾಯ.

ಆ ಕಾಲದ ಭಕ್ತರಲ್ಲಿ ಕೆಲವರಿಗೆ ಈ ಮಾತು ಕಹಿಯಾಗಿ ತೋರಿರಬಹುದು. ನಮಗೆ ಹಾಗೆ ತೋರುವದಿಲ್ಲ. ನಮ್ಮ ಹಿರಿಯರು ದೊರೆಗಳ ದಯೆಗಾಗಿ ಈ ಮಾರ್ಗವನ್ನು ಸೇರಿದರೆಂದು ಇಂದಿಗೂ ಹಳ್ಳಿಯ ಜಗಲಿಗಳಲ್ಲಿ ಆಡಿಕೊಳ್ಳುವವರಿದ್ದಾರೆ. ನಮ್ಮ ಅಜ್ಜಂದಿರಲ್ಲಿ ಅನೇಕರು ಕ್ರಿಸ್ತನ ಹೆಸರನ್ನು ಹಿಡಿದು ಮನೆಯನ್ನೂ ಪಾಲನ್ನೂ ಬಂಧುಬಳಗವನ್ನೂ ಕಳಕೊಂಡವರೆಂದು ನಾವು ಬಲ್ಲೆವು. ಅಮಲ್ದಾರನ ಕೋಲಿನ ನೆರಳಿನಲ್ಲಿ ತಕ್ಕೊಂಡ ಪುಸ್ತಕವು ಹೃದಯದಲ್ಲಿ ಬೇರೂರಲಾರದು. ಕರ್ತನು ತನ್ನ ರಾಜ್ಯವು ಈ ಲೋಕದ್ದಲ್ಲವೆಂದು ಪಿಲಾತನ ಮುಂದೆ ಹೇಳಿದನಷ್ಟೆ. ಸರಕಾರದ ಬಲವನ್ನು ಸುವಾರ್ತೆಗೆ ಕಟ್ಟಬಾರದೆಂದು ಹೇಳಿದ ಗವರ್ನರರು ಸುವಾರ್ತೆಗೆ ಹಾನಿಯನ್ನಲ್ಲ, ಉಪಕಾರವನ್ನೇ ಮಾಡಿದರೆಂದು ನಾವು ಎಣಿಸುತ್ತೇವೆ.

1824ರಲ್ಲಿ ಬರ್ಮ ದೇಶದ ಯುದ್ಧವು ಹುಟ್ಟಿದ್ದರಿಂದ, ಸ್ವದೇಶಕ್ಕೆ ಹಿಂದಿರುಗಬೇಕೆಂಬ ಮನ್ರೋರವರ ಆಶೆಯು ತಡವಾಯಿತು. ಯುದ್ಧಕ್ಕೆ ಬೇಕಾದ ದಂಡನ್ನೂ ಸಾಮಗ್ರಿಯನ್ನೂ ಒದಗಿಸಿದ್ದಕ್ಕಾಗಿ 1825ರಲ್ಲಿ ಅವರಿಗೆ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಬಿರುದು ದೊರೆಯಿತು. ಕಡೆಗೆ ಬಿಡುಗಡೆಯ ಅಪ್ಪಣೆಯಾಯಿತು. ಹೋಗುವದಕ್ಕೆ ಮುಂಚೆ ತಮ್ಮ ಹಳೇ ದತ್ತಮಂಡಲವನ್ನು ಇನ್ನೊಮ್ಮೆ ನೋಡಬೇಕೆಂದು 1827ರ ಮೇ ತಿಂಗಳ ಅಂತ್ಯದಲ್ಲಿ ಹೊರಟರು. ಗುತ್ತಿಯ ಹತ್ತಿರ ಅವರ ಬಿಡಾರದೊಳಗೆ ವಾಂತಿಭೇದಿಯ ಜಾಡ್ಯ ಹೊಕ್ಕಿತು. ಜುಲೈ 6ರ ಬೆಳಿಗ್ಗೆ ಪತ್ತಿಕೊಂಡದಲ್ಲಿ ಅವರಿಗೇ ಅದು ತಗಲಿತು. ಜಾಡ್ಯವು ಅಂಟೀತೆಂದು ಗುಡಾರದಲ್ಲಿದ್ದ ಜೊತೆಯವರನ್ನು ಹೊರಗೆ ಹೋಗುವಂತೆ ಅವರು ಬೇಡಿಕೊಂಡರೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಅದೇ ರಾತ್ರಿ ಅವರು ತೀರಿಹೋದರು. ಅವರ ಪ್ರಾಯ 66 ವರ್ಷ. ದೇಹವನ್ನು ಮೊದಲು ಗುತ್ತಿಯಲ್ಲಿ ಸಮಾಧಿಮಾಡಿ, 1831ರಲ್ಲಿ ಮದ್ರಾಸಿನ ಕೋಟೆಯೊಳಗಿರುವ ಸಂತ ಮರಿಯಳ ದೇವಾಲಯಕ್ಕೆ ತಂದರು. ಪತ್ತಿಕೊಂಡದಲ್ಲಿ ಅವರ ಜ್ಞಾಪಕಾರ್ಥವಾಗಿ ಒಂದು ಬಾವಿಯನ್ನು ಕಟ್ಟಿಸಿ ಮರಗಳ ತೋಪನ್ನು ನೆಡಿಸಿದರು. ಮದ್ರಾಸಿನಲ್ಲಿ ಶಿಲ್ಪಿಯಾದ ಚಾಂಟ್ರಿಯು ಮಾಡಿದ ಕುದುರೆ ಸವಾರನ ದೊಡ್ಡ ಪ್ರತಿಮೆಯನ್ನು 1839ರಲ್ಲಿ ನಿಲ್ಲಿಸಿದರು.

ಜನರು ನಿಲ್ಲಿಸಿದ ಪ್ರತಿಮೆ ಬೇರೊಂದು ತರದ್ದು. ದತ್ತಮಂಡಲದ ಹಳ್ಳಿಗಳಲ್ಲಿ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರಂತೆ. ಮಂತ್ರಾಲಯ ಮೊದಲಾದ ಕ್ಷೇತ್ರಗಳಲ್ಲಿ ಇವರನ್ನು ಕುರಿತು ಅದ್ಭುತ ಕಥೆಗಳು ಹುಟ್ಟಿದವು. ಅಂಥ ಕಥೆಗಳನ್ನು ನಂಬುವದು ನಮ್ಮ ಪದ್ಧತಿಯಲ್ಲ. ಆದರೂ ಬಡವರು ತಮ್ಮನ್ನು ಕೈಬಿಡದ ಅಧಿಕಾರಿಯನ್ನು ಎಷ್ಟು ಎತ್ತರಕ್ಕೆ ಏರಿಸುತ್ತಾರೆಂಬದು ಅವುಗಳಿಂದ ತಿಳಿಯುತ್ತದೆ.

ಈ ಚರಿತ್ರೆಯನ್ನು ಸ್ತುತಿಪಾಠವಾಗಿ ಮುಗಿಸುವದಕ್ಕೆ ನಮಗೆ ಮನಸ್ಸಿಲ್ಲ. ಮನ್ರೋರವರು ಬೇರೆ ದೇಶದಿಂದ ಬಂದು ಈ ದೇಶವನ್ನು ಗೆದ್ದವರ ಸೇವಕರು. ಅವರು ಇಳಿಸಿದ ತೀರ್ವೆಯೂ ಬಡವನಿಗೆ ಹಗುರವಾದದ್ದೇನಲ್ಲ. ಅವರು ಸತ್ತ ಹತ್ತು ವರ್ಷಗಳೊಳಗೆ ಅವರ ಶಾಲೆಗಳು ಮುಚ್ಚಿಹೋದವು. ರಯತವಾರಿಯು ಪುಸ್ತಕದಲ್ಲಿ ಉಳಿಯಿತು. ಆದರೆ ಗುಡಾರದಲ್ಲಿ ವಾಸಿಸಿ ರಯತನ ಮಾತನ್ನು ಕೇಳುವವರು ಕಡಿಮೆಯಾದರು. 1855ರಲ್ಲಿ ಮದ್ರಾಸು ಸಂಸ್ಥಾನದಲ್ಲಿ ಒಂದು ವಿಚಾರಣೆ ನಡೆದಾಗ, ಕಂದಾಯ ಎತ್ತುವ ಕೆಳಗಿನ ನೌಕರರು ರಯತರನ್ನು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವದು, ಹೊಡೆಯುವದು ಮುಂತಾದ ಹಿಂಸೆಗಳನ್ನು ನಡಿಸುತ್ತಿದ್ದದ್ದು ಹೊರಬಿತ್ತು. ಪದ್ಧತಿ ಅದೇ, ಕಾಯಿದೆ ಅದೇ. ಅದನ್ನು ನಡಿಸುವವನ ಹೃದಯ ಬೇರೆಯಾಗಿತ್ತು. ಒಳ್ಳೇ ಕಾಯಿದೆಯು ತನ್ನನ್ನು ತಾನೇ ಕಾಪಾಡಿಕೊಳ್ಳಲಾರದು. ತಲೆಮಾರು ತಲೆಮಾರಿಗೆ ನಂಬಿಗಸ್ತರಾದವರು ಹೊಸದಾಗಿ ಎದ್ದು ಅದರೊಳಗೆ ಜೀವವನ್ನು ಇಡಬೇಕು.

ಪ್ರಿಯ ವಾಚಕರೇ, ನಮ್ಮಲ್ಲಿ ಸೇನಾಪತಿಗಳಿಲ್ಲ, ಗವರ್ನರರೂ ಇಲ್ಲ. ಆದರೆ ಪಂಚಾಯತಿಯ ಮೆಂಬರರಿದ್ದಾರೆ, ಕಚೇರಿಯ ಗುಮಾಸ್ತರಿದ್ದಾರೆ, ಉಪಾಧ್ಯಾಯರಿದ್ದಾರೆ, ಸಭೆಯ ಹಿರಿಯರೂ ಖಜಾಂಚಿಗಳೂ ಇದ್ದಾರೆ. ಮತ್ತೊಬ್ಬನ ಅಗತ್ಯವು ನಮ್ಮ ಕೈಯ ಒಂದು ರುಜುವಿಗಾಗಿ ಕಾದಿರುವಲ್ಲಿ ನಾವೂ ಅಧಿಕಾರಿಗಳೇ. ವಿಧವೆಯೊಬ್ಬಳು ಕಾಗದ ಹಿಡಿದು ಮೂರು ಸಾರಿ ನಮ್ಮ ಬಾಗಿಲಿಗೆ ಬಂದು ಹೋದಳೋ? ಹಾಗಾದರೆ ನಾಲ್ಕನೆಯ ಸಾರಿ ನಾವೇ ಅವಳ ಬಾಗಿಲಿಗೆ ಹೋಗೋಣ. ಸಭೆಯ ವಂತಿಗೆಯು ಬಡ ಕುಟುಂಬಕ್ಕೆ ಭಾರವಾಯಿತೆಂದು ಕಂಡರೆ, ವರ್ಷದ ಲೆಕ್ಕ ದೊಡ್ಡದಾಗಿ ಕಾಣಲೆಂದು ಸುಮ್ಮನಿರದೆ, ಅದನ್ನು ಕಡಿಮೆಮಾಡಬೇಕೆಂದು ಕೂಟದಲ್ಲಿ ಬಾಯಿ ಬಿಡೋಣ. ಒಮ್ಮೆ ತಳ್ಳಲ್ಪಟ್ಟ ನ್ಯಾಯದ ಮಾತನ್ನು ಹದಿಮೂರು ವರ್ಷವಾದರೂ ಮರೆಯದಿರೋಣ. ಎಲ್ಲರಿಂದಲೂ ಲೆಕ್ಕ ಕೇಳುವ ಕರ್ತನು ನಾವು ಎಷ್ಟು ಕೂಡಿಸಿದೆವೆಂದು ಮಾತ್ರವಲ್ಲ, ಯಾರಿಂದ ಹೇಗೆ ತಕ್ಕೊಂಡೆವೆಂದೂ ಕೇಳುವನು. ಆ ದಿನದಲ್ಲಿ ನಾಚಿಕೆಪಡದ ಹಾಗೆ ನಡೆಯುವ ಕೃಪೆಯನ್ನು ಆತನೇ ನಮಗೆ ಅನುಗ್ರಹಿಸಲಿ.